ಚುಕ್ಕಾಣಿ ಕೈಕೊಟ್ಟಾಗ



ಟಿ.ವಿ.ಯಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗ ಚಿತ್ರ ಇದ್ದಕ್ಕಿದ್ದಂತೆ ಮಾಯವಾಗಿ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ ಬರುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಚೆನ್ನಾಗಿ ಬಲ್ಲರು. ನೋಡುವವರಿಗೆ ಅದು ಬೇಸರದ ಸಂಗತಿ. ನಮ್ಮಂಥ ನಿರ್ಮಾಪಕರಿಗೆ ಮಾತ್ರ ಆ ಫಲಕ ದೊಡ್ಡ ಆಸರೆ. ಅದು ತೆರೆಯ ಮೇಲಿರುವ ಎರಡು ಮೂರು ನಿಮಿಷಗಳಲ್ಲಿ ಒಳಗೆ ಓಡಾಡಿ, ಕೈಕೊಟ್ಟ ಯಂತ್ರವನ್ನು ಪಕ್ಕಕ್ಕಿಟ್ಟು, ಬೇರೊಂದನ್ನು ಜೋಡಿಸಿ, ಬೆವರು ಒರೆಸಿಕೊಂಡು ಮತ್ತೆ ಕಾರ್ಯಕ್ರಮ ಆರಂಭಿಸುತ್ತೇವೆ.

ಆದರೆ ಎಲ್ಲ ಕೆಲಸಗಳಲ್ಲೂ ಹೀಗೆ ಫಲಕ ಹಾಕಿ ನಿಲ್ಲಲು ಬರುವುದಿಲ್ಲ. ರಸ್ತೆಯಲ್ಲಿ ಬಸ್ಸು ಕೆಟ್ಟರೆ ಚಾಲಕರು ಪಕ್ಕಕ್ಕೆ ನಿಲ್ಲಿಸುತ್ತಾರೆ. ರೈಲು ಹಳಿಯ ಮೇಲೆಯೇ ನಿಲ್ಲುತ್ತದೆ. ಇನ್ನೂರು ಮುನ್ನೂರು ಜನರನ್ನು ಹೊತ್ತು ನೆಲದತ್ತ ಇಳಿಯುತ್ತಿರುವ ವಿಮಾನದ ಚುಕ್ಕಾಣಿ ಕೈಕೊಟ್ಟರೆ? ಅದನ್ನು ನಿಲ್ಲಿಸಿ ಯೋಚಿಸಲು ಆಕಾಶದಲ್ಲಿ ಜಾಗವಿಲ್ಲ. ಹಾರುತ್ತಲೇ ಯೋಚಿಸಬೇಕು, ಯೋಚಿಸುತ್ತಲೇ ಹಾರಬೇಕು. ಅದು ಹೇಗೆ ಸಾಧ್ಯ ಎಂಬುದೇ ನಮ್ಮ ಇಂದಿನ ವಿಷಯ.

ವಿಮಾನವನ್ನು ತಿರುಗಿಸುವುದು ಯಾವುದು?

ದೋಣಿಗೆ ಒಂದೇ ಚುಕ್ಕಾಣಿ. ಅದು ನೀರಿನ ಮೇಲೆ ಎಡಕ್ಕೋ ಬಲಕ್ಕೋ ತಿರುಗಿದರೆ ಸಾಕು. ವಿಮಾನ ಮೂರು ಬಗೆಯಲ್ಲಿ ತಿರುಗಬೇಕು. ಮೂಗನ್ನು ಮೇಲಕ್ಕೆ ಅಥವಾ ಕೆಳಕ್ಕೆ ಮಾಡುವುದು ಒಂದು. ಇದನ್ನು ಮಾಡುವುದು ಬಾಲದ ಅಡ್ಡರೆಕ್ಕೆಯಲ್ಲಿರುವ ಎಲಿವೇಟರ್. ಒಂದು ರೆಕ್ಕೆಯನ್ನು ಎತ್ತಿ ಇನ್ನೊಂದನ್ನು ತಗ್ಗಿಸಿ ಪಕ್ಕಕ್ಕೆ ವಾಲುವುದು ಎರಡನೆಯದು. ಇದಕ್ಕೆ ರೆಕ್ಕೆಯ ತುದಿಯ ಬಳಿ ಏಲರಾನ್ ಎಂಬ ಮಡಿಕೆಗಳಿವೆ. ಮೂಗನ್ನು ಎಡಬಲಕ್ಕೆ ಹೊರಳಿಸುವುದು ಮೂರನೆಯದು. ಇದು ಬಾಲದ ನೆಟ್ಟಗಿನ ರೆಕ್ಕೆಯಲ್ಲಿರುವ ರಡರ್‌ನ ಕೆಲಸ. ಇವಲ್ಲದೆ ರೆಕ್ಕೆಯ ಹಿಂಬದಿಯಿಂದ ಹೊರಚಾಚಿ ಕೆಳಕ್ಕೆ ಬಾಗುವ ಫ್ಲಾಪ್‌ಗಳೂ ಇವೆ. ಕಿಟಕಿಯ ಪಕ್ಕ ಕುಳಿತವರು ವಿಮಾನ ಇಳಿಯುವ ಮೊದಲು ರೆಕ್ಕೆ ಅಗಲವಾಗುವುದನ್ನು ಕಾಣಬಹುದು.

ಗಂಟೆಗೆ ನೂರಾರು ಕಿಲೋಮೀಟರ್ ವೇಗದ ಗಾಳಿಗೆ ಎದುರಾಗಿ ಇಷ್ಟು ದೊಡ್ಡ ಹಲಗೆಗಳನ್ನು ಬಾಗಿಸಲು ಪೈಲಟ್ಟರ ತೋಳ್ಬಲ ಸಾಲದು. ಅದಕ್ಕೆ ಹೈಡ್ರಾಲಿಕ್ ವ್ಯವಸ್ಥೆ ಬೇಕು. ಪ್ಯಾಸ್ಕಲನ ನಿಯಮ ನಿಮಗೆ ನೆನಪಿದೆಯಲ್ಲವೇ? ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಕಾರಿನ ಬ್ರೇಕು, ಮಣ್ಣು ಅಗೆಯುವ ಜೆಸಿಬಿ, ಆಸ್ಪತ್ರೆಯ ಹಲ್ಲಿನ ಡಾಕ್ಟರರ ಕುರ್ಚಿ ಎಲ್ಲವೂ ಇದೇ ನಿಯಮದ ಮಕ್ಕಳು. ವಿಮಾನದಲ್ಲಿ ಎಂಜಿನ್ನುಗಳು ಪಂಪುಗಳನ್ನು ತಿರುಗಿಸುತ್ತವೆ, ಪಂಪುಗಳು ದ್ರವಕ್ಕೆ ಒತ್ತಡ ಕೊಡುತ್ತವೆ, ಆ ಒತ್ತಡ ಕೊಳವೆಗಳ ಮೂಲಕ ಬಾಲದವರೆಗೂ ಹೋಗಿ ಎಲಿವೇಟರನ್ನು ಬಾಗಿಸುತ್ತದೆ. ಒತ್ತಡ ಎಷ್ಟು ಗೊತ್ತೇ? ಡಿಸಿ-10 ವಿಮಾನದಲ್ಲಿ ಚದರ ಅಂಗುಲಕ್ಕೆ 3,000 ಪೌಂಡು. ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು ಇನ್ನೂರು ಕಿಲೋ ಭಾರ ಇಟ್ಟಂತೆ!

ಇಷ್ಟು ಮುಖ್ಯವಾದ ವ್ಯವಸ್ಥೆ ಒಂದೇ ಇದ್ದರೆ ಅಪಾಯ. ಆದ್ದರಿಂದ ಡಿಸಿ-10ರಲ್ಲಿ ಒಂದರಿಂದೊಂದು ಬೇರೆಯಾದ ಮೂರು ಹೈಡ್ರಾಲಿಕ್ ವ್ಯವಸ್ಥೆಗಳಿದ್ದವು. ಒಂದು ಹೋದರೆ ಇನ್ನೆರಡು; ಎರಡು ಹೋದರೆ ಇನ್ನೊಂದು. ಮೂರೂ ಒಟ್ಟಿಗೆ ಹೋಗುವುದು ಸಾಧ್ಯವೇ ಇಲ್ಲವೆಂದು ವಿನ್ಯಾಸಕಾರರು ಭಾವಿಸಿದ್ದರು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದಕ್ಕೆ ಮತ್ತೆ ಬರುತ್ತೇವೆ.

ಇಳಿಯುವ ಹೊತ್ತೇ ಏಕೆ ಕಷ್ಟ?

ಎತ್ತರದಲ್ಲಿ ಹಾರುವಾಗ ವಿಮಾನಕ್ಕೆ ಎರಡು ಸಂಪತ್ತುಗಳಿರುತ್ತವೆ. ಒಂದು ಎತ್ತರ, ಇನ್ನೊಂದು ವೇಗ. ಭೌತಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಸ್ಥಾನಶಕ್ತಿ ಮತ್ತು ಚಲನಶಕ್ತಿ. ಏನಾದರೂ ತಪ್ಪಾದರೆ ಒಂದನ್ನು ಖರ್ಚು ಮಾಡಿ ಇನ್ನೊಂದನ್ನು ಪಡೆಯಬಹುದು. ಇಳಿಯುವುದೆಂದರೆ ಈ ಎರಡೂ ಸಂಪತ್ತನ್ನು ಬೇಕೆಂದೇ ಖರ್ಚು ಮಾಡಿ, ರನ್‌ವೇ ಮುಟ್ಟುವ ಹೊತ್ತಿಗೆ ಕೈ ಬರಿದು ಮಾಡಿಕೊಳ್ಳುವುದು. ಆಗ ತಪ್ಪಿಗೆ ಎಡೆಯಿರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಅರ್ಧವಾದರೆ, ಉಳಿದುದೆಲ್ಲ ಹಾಗೆಯೇ ಇದ್ದರೆ, ಎತ್ತುವ ಬಲ ಕಾಲುಭಾಗಕ್ಕಿಳಿಯುತ್ತದೆ. ಈ ಕೊರತೆಯನ್ನು ತುಂಬಲೆಂದೇ ಇಳಿಯುವಾಗ ಫ್ಲಾಪ್ ಚಾಚುತ್ತಾರೆ. ಚುಕ್ಕಾಣಿಗಳಿಗೂ ಇದೇ ನಿಯಮ. ಗಾಳಿ ನಿಧಾನವಾದಷ್ಟೂ ಅವುಗಳ ಹಿಡಿತ ಸಡಿಲ. ಹಾಗಾಗಿ ಮೇಲೆ ವೇಗವಾಗಿ ಹಾರುವಾಗ ಅಷ್ಟಾಗಿ ಕಾಡದ ಒಂದು ದೋಷ, ಕೆಳಗೆ ನಿಧಾನವಾದಾಗ ಹಲ್ಲು ಕಿರಿಯಬಹುದು.

ಇದನ್ನು ಅರಿತೇ ಪೈಲಟ್ಟರಿಗೆ ಒಂದು ಕ್ರಮವನ್ನು ಕಲಿಸುತ್ತಾರೆ: ಮೊದಲು ವಿಮಾನ ಹಾರಿಸು, ಆಮೇಲೆ ದಿಕ್ಕು ನೋಡು, ಆಮೇಲೆ ಮಾತಾಡು. ನೆಲದವರಿಗೆ ಸುದ್ದಿ ಕೊಡುವುದು ಮುಖ್ಯವೇ. ಆದರೆ ನೆಲದವರು ವಿಮಾನ ಹಾರಿಸಲಾರರು. ಇಳಿಯುವ ಹಾದಿಯಲ್ಲಿ ಚುಕ್ಕಾಣಿಯಲ್ಲಿ ದೋಷ ಕಂಡರೆ, ಇಂಧನ ಸಾಕಷ್ಟಿದ್ದು ಬೆಂಕಿಯಂಥ ತುರ್ತು ಇಲ್ಲದಿದ್ದರೆ, ಇಳಿಯುವ ಆತುರವನ್ನು ಬಿಡಬೇಕು. ಮತ್ತೆ ಮೇಲೇರಿ, ಸುರಕ್ಷಿತ ಎತ್ತರದಲ್ಲಿ ಸುತ್ತುತ್ತ, ಕೈಪಿಡಿಯ ಪಟ್ಟಿಯನ್ನು ಒಬ್ಬರು ಓದಿ ಇನ್ನೊಬ್ಬರು ನಡೆಸಬೇಕು. ಅಲ್ಲಿಯೇ ಚಕ್ರ ಇಳಿಸಿ, ಫ್ಲಾಪ್ ಸ್ವಲ್ಪ ಸ್ವಲ್ಪವೇ ಚಾಚಿ, ವೇಗ ನಿಧಾನವಾಗಿ ತಗ್ಗಿಸಿ, ವಿಮಾನ ಎಲ್ಲಿಯವರೆಗೆ ಮಾತು ಕೇಳುತ್ತದೆ ಎಂದು ಪರೀಕ್ಷಿಸಬೇಕು. ಎಷ್ಟು ವೇಗದಲ್ಲಿ ಅದು ತಕರಾರು ತೆಗೆಯುತ್ತದೋ ಅದಕ್ಕಿಂತ ಹೆಚ್ಚಿನ ವೇಗದಲ್ಲೇ ಇಳಿಯಬೇಕು. ಪರೀಕ್ಷೆಯನ್ನು ಮೂರು ಸಾವಿರ ಮೀಟರ್ ಎತ್ತರದಲ್ಲಿ ಮಾಡಿ ನಪಾಸಾದರೆ ಸರಿಪಡಿಸಿಕೊಳ್ಳಬಹುದು. ಮೂವತ್ತು ಮೀಟರ್ ಎತ್ತರದಲ್ಲಿ ನಪಾಸಾದರೆ ಮರುಪರೀಕ್ಷೆ ಇಲ್ಲ.

ಹೆಚ್ಚು ವೇಗದಲ್ಲಿ ಇಳಿಯುವುದಕ್ಕೂ ಬೆಲೆ ತೆರಬೇಕು. ವೇಗ ಶೇಕಡಾ 20 ಹೆಚ್ಚಿದರೆ ಚಲನಶಕ್ತಿ ಎಷ್ಟು ಹೆಚ್ಚುತ್ತದೆ? 1.2ರ ವರ್ಗ 1.44, ಅಂದರೆ ಶೇಕಡಾ 44. ಇಷ್ಟನ್ನೂ ಬ್ರೇಕು ಮತ್ತು ಟೈರುಗಳು ತಾಳಿಕೊಳ್ಳಬೇಕು. ಆದ್ದರಿಂದಲೇ ಫ್ಲಾಪ್ ಕೆಟ್ಟ ವಿಮಾನ ಹತ್ತಿರದ ಚಿಕ್ಕ ನಿಲ್ದಾಣವನ್ನು ಬಿಟ್ಟು ದೂರದ ಉದ್ದನೆಯ ರನ್‌ವೇ ಹುಡುಕಿಕೊಂಡು ಹೋಗುತ್ತದೆ.

ಇಷ್ಟೆಲ್ಲ ಕ್ರಮ ನಡೆಯುವುದು ಒಂದಲ್ಲ ಒಂದು ಚುಕ್ಕಾಣಿ ಉಳಿದಿದ್ದಾಗ. ಒಂದೂ ಉಳಿಯದಿದ್ದರೆ?

1989ರ ಜುಲೈ 19

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ 232ನೇ ಸಂಖ್ಯೆಯ ವಿಮಾನ ಆ ದಿನ ಮಧ್ಯಾಹ್ನ ಡೆನ್ವರ್ ನಗರದಿಂದ ಶಿಕಾಗೋ ಕಡೆಗೆ ಹೊರಟಿತ್ತು. ಅದು ಡಿಸಿ-10; ರೆಕ್ಕೆಗಳ ಕೆಳಗೆ ಒಂದೊಂದು ಎಂಜಿನ್, ಬಾಲದಲ್ಲಿ ಮೂರನೆಯದು. ಒಳಗೆ 296 ಜನ. ಕ್ಯಾಪ್ಟನ್ ಆಲ್ ಹೇನ್ಸ್, ಸಹಪೈಲಟ್ ವಿಲಿಯಂ ರೆಕಾರ್ಡ್ಸ್, ಫ್ಲೈಟ್ ಎಂಜಿನಿಯರ್ ಡಡ್ಲಿ ವೊರಾಕ್.

ಮಧ್ಯಾಹ್ನ 3 ಗಂಟೆ 16 ನಿಮಿಷ. ವಿಮಾನ 37,000 ಅಡಿ ಎತ್ತರದಲ್ಲಿ, ಅಯೋವಾ ರಾಜ್ಯದ ಮೇಲೆ ಬಲಕ್ಕೆ ತಿರುಗುತ್ತಿತ್ತು. ಹಿಂಬದಿಯಿಂದ ದೊಡ್ಡ ಸದ್ದು ಕೇಳಿಸಿತು. ಬಾಲದ ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಟೈಟಾನಿಯಂ ತಟ್ಟೆ ಸಿಡಿದುಹೋಗಿತ್ತು. ಒಂದು ಎಂಜಿನ್ ಹೋದರೆ ಡಿಸಿ-10 ಇನ್ನೆರಡರಲ್ಲಿ ಹಾರಬಲ್ಲದು. ಸಿಬ್ಬಂದಿ ಪಟ್ಟಿ ತೆಗೆದು ಅದರ ಕೆಲಸ ಆರಂಭಿಸಿದರು. ಅಷ್ಟರಲ್ಲಿ ರೆಕಾರ್ಡ್ಸ್ ಅವರು ವಿಮಾನ ಹಿಡಿತಕ್ಕೆ ಸಿಗುತ್ತಿಲ್ಲ ಎಂದರು. ಅವರು ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹಿಂದಕ್ಕೆ ಎಳೆದಿದ್ದರು. ವಿಮಾನ ಮಾತ್ರ ಬಲಕ್ಕೆ ವಾಲುತ್ತ ಇಳಿಯುತ್ತಿತ್ತು. ವೊರಾಕ್ ಹೈಡ್ರಾಲಿಕ್ ಮಾಪಕಗಳನ್ನು ನೋಡಿದರು. ಮೂರರಲ್ಲೂ ಒತ್ತಡ ಸೊನ್ನೆ.

ಆದದ್ದು ಇಷ್ಟು. ಮೂರು ವ್ಯವಸ್ಥೆಗಳ ಪಂಪುಗಳು ಬೇರೆ, ಟ್ಯಾಂಕುಗಳು ಬೇರೆ. ಆದರೆ ಬಾಲದ ಚುಕ್ಕಾಣಿಗಳನ್ನು ನಡೆಸಲು ಮೂರರ ಕೊಳವೆಗಳೂ ಬಾಲದ ಎಂಜಿನ್ನಿನ ಸಮೀಪದಲ್ಲೇ ಹಾದುಹೋಗಿದ್ದವು. ಸಿಡಿದ ಚೂರುಗಳು ಅಲ್ಲಿಯೇ ಹೊಡೆದವು. ದ್ರವವೆಲ್ಲ ಸೋರಿಹೋಯಿತು. ಕೈಪಿಡಿಯಲ್ಲಿ ಇದಕ್ಕೆ ಪುಟವೇ ಇರಲಿಲ್ಲ. ರೇಡಿಯೋ ಮೂಲಕ ಸಂಸ್ಥೆಯ ನಿರ್ವಹಣಾ ತಜ್ಞರನ್ನು ಕೇಳಿದರೆ ಅವರ ಬಳಿಯೂ ಉತ್ತರವಿರಲಿಲ್ಲ. ‘ಸಾಧ್ಯವಿಲ್ಲ’ ಎಂದು ತೀರ್ಮಾನಿಸಿದ ಸಂಗತಿಗೆ ಯಾರು ತಾನೇ ಪಾಠ ಬರೆಯುತ್ತಾರೆ?

ಉಳಿದದ್ದು ಏನು?

ಕಳೆದುಹೋದುದನ್ನು ಲೆಕ್ಕ ಹಾಕುತ್ತ ಕೂರುವ ಸಮಯ ಅದಲ್ಲ. ಇನ್ನೂ ಮಾತು ಕೇಳುವುದು ಯಾವುದು ಎಂದು ಹುಡುಕಬೇಕು. ಹೇನ್ಸ್ ಅವರು ಎಡ ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸಿ ಬಲ ಎಂಜಿನ್ನಿಗೆ ಹೆಚ್ಚು ಶಕ್ತಿ ಕೊಟ್ಟರು. ಬಲಕ್ಕೆ ಉರುಳಿ ಬೀಳುವಂತಿದ್ದ ವಿಮಾನ ಮೆಲ್ಲಗೆ ನೇರವಾಯಿತು.

ಇದರ ವಿಜ್ಞಾನ ಸರಳ. ಬಲ ಎಂಜಿನ್ ಹೆಚ್ಚು ನೂಕಿದರೆ ಮೂಗು ಎಡಕ್ಕೆ ಹೊರಳುತ್ತದೆ. ಹೊರಳುವಾಗ ಬಲರೆಕ್ಕೆ ಗಾಳಿಯಲ್ಲಿ ತುಸು ವೇಗವಾಗಿ ಸಾಗುತ್ತದೆ, ಅದಕ್ಕೆ ಎತ್ತುವ ಬಲ ಹೆಚ್ಚುತ್ತದೆ, ರೆಕ್ಕೆ ಏಳುತ್ತದೆ. ಎರಡು ಎತ್ತುಗಳ ಗಾಡಿಯಲ್ಲಿ ಒಂದು ಎತ್ತನ್ನು ಮಾತ್ರ ಹುರುಪುಗೊಳಿಸಿ ಗಾಡಿ ತಿರುಗಿಸಿದ ಹಾಗೆ. ಮೇಲೆ ಕೆಳಗೆ ಹೋಗುವುದಕ್ಕೂ ದಾರಿಯಿತ್ತು. ರೆಕ್ಕೆಯ ಎಂಜಿನ್ನುಗಳು ವಿಮಾನದ ಗುರುತ್ವ ಕೇಂದ್ರಕ್ಕಿಂತ ಕೆಳಗಿರುತ್ತವೆ. ಅವೆರಡಕ್ಕೂ ಒಟ್ಟಿಗೆ ಶಕ್ತಿ ಹೆಚ್ಚಿಸಿದರೆ ಮೂಗು ಮೇಲೇಳುತ್ತದೆ, ತಗ್ಗಿಸಿದರೆ ಇಳಿಯುತ್ತದೆ.

ಹೇಳುವಷ್ಟು ಸುಲಭ ಮಾಡುವುದಲ್ಲ. ವಿಮಾನಕ್ಕೆ ಒಂದು ಸ್ವಭಾವವಿದೆ. ಅದು ಯಾವ ವೇಗಕ್ಕೆ ಹೊಂದಿಕೊಂಡಿರುತ್ತದೋ ಆ ವೇಗವನ್ನೇ ಅರಸುತ್ತದೆ. ವೇಗ ಹೆಚ್ಚಾದರೆ ತಾನಾಗಿಯೇ ಮೂಗೆತ್ತುತ್ತದೆ. ಮೇಲೇರಿ ವೇಗ ಕಳೆದುಕೊಂಡರೆ ಮೂಗು ತಗ್ಗಿಸುತ್ತದೆ. ಇಳಿದು ವೇಗ ಗಳಿಸಿ ಮತ್ತೆ ಏರುತ್ತದೆ. ಉಯ್ಯಾಲೆಯಂತೆ ನಿಧಾನವಾದ ಈ ಏರಿಳಿತಕ್ಕೆ ಫ್ಯೂಗಾಯಿಡ್ ಎಂದು ಹೆಸರು. ಸಾಮಾನ್ಯವಾಗಿ ಎಲಿವೇಟರ್ ಇದನ್ನು ಹುಟ್ಟಿದಲ್ಲೇ ಅಡಗಿಸುತ್ತದೆ. ಎಲಿವೇಟರ್ ಇಲ್ಲದ 232 ಸುಮಾರು ನಿಮಿಷಕ್ಕೊಮ್ಮೆ ಹೀಗೆ ಏರಿ ಇಳಿಯುತ್ತಿತ್ತು.

ಇದನ್ನು ತಡೆಯಲು ಮನಸ್ಸು ಹೇಳುವುದಕ್ಕೆ ವಿರುದ್ಧವಾದುದನ್ನು ಮಾಡಬೇಕು! ಮೂಗು ನೆಲದತ್ತ ಬಾಗಿ ವೇಗ ಏರುತ್ತಿರುವಾಗ ಶಕ್ತಿ ಹೆಚ್ಚಿಸಬೇಕು. ಮೂಗು ಮೇಲೆದ್ದು ವೇಗ ಇಳಿಯುತ್ತಿರುವಾಗ ಶಕ್ತಿ ತಗ್ಗಿಸಬೇಕು. ಅದರಲ್ಲೂ ಜೆಟ್ ಎಂಜಿನ್ ಹೇಳಿದ ಕೂಡಲೇ ಓಗೊಡುವುದಿಲ್ಲ. ಹಿಡಿ ನೂಕಿದ ಮೇಲೆ ಶಕ್ತಿ ಬರಲು ಕೆಲವು ಸೆಕೆಂಡು ಬೇಕು. ಹಾಗಾಗಿ ಈಗ ಆಗುತ್ತಿರುವುದಕ್ಕಲ್ಲ, ಮುಂದೆ ಆಗಲಿರುವುದಕ್ಕೆ ಕೈ ಆಡಿಸಬೇಕು.

ನಾಲ್ಕನೆಯ ವ್ಯಕ್ತಿ

ಪ್ರಯಾಣಿಕರ ನಡುವೆ ಡೆನ್ನಿಸ್ ಫಿಚ್ ಎಂಬುವರು ಕುಳಿತಿದ್ದರು. ಅವರು ಅದೇ ಸಂಸ್ಥೆಯಲ್ಲಿ ಡಿಸಿ-10 ಪೈಲಟ್ಟರಿಗೆ ತರಬೇತಿ ಕೊಡುವ ಶಿಕ್ಷಕರು. ನೆರವಾಗಲು ಸಿದ್ಧನೆಂದು ಅವರು ಗಗನಸಖಿಯ ಮೂಲಕ ತಿಳಿಸಿದಾಗ ಹೇನ್ಸ್ ಹಿಂದೆ ಮುಂದೆ ನೋಡದೆ ಒಳಗೆ ಕರೆಸಿಕೊಂಡರು. ಫಿಚ್ ಎರಡು ಆಸನಗಳ ನಡುವೆ ಮಂಡಿಯೂರಿ, ಎರಡೂ ಕೈಗಳಲ್ಲಿ ಎರಡು ಥ್ರಾಟಲ್ ಹಿಡಿಗಳನ್ನು ಹಿಡಿದು ಎಂಜಿನ್ನುಗಳ ಶಕ್ತಿಯನ್ನು ಏರಿಳಿಸತೊಡಗಿದರು. ಹೇನ್ಸ್ ಮತ್ತು ರೆಕಾರ್ಡ್ಸ್ ವೇಗ, ಎತ್ತರ, ದಿಕ್ಕು ನೋಡಿ ಹೇಳುತ್ತಿದ್ದರು. ವೊರಾಕ್ ರೇಡಿಯೋ ಮತ್ತು ಪಟ್ಟಿಗಳನ್ನು ನೋಡಿಕೊಂಡರು.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಹಿಂದೆ ವಿಮಾನದ ಕ್ಯಾಪ್ಟನ್ ಎಂದರೆ ಮನೆಯ ಯಜಮಾನರಿದ್ದ ಹಾಗೆ. ಅವರ ಮಾತಿಗೆ ಎದುರಾಡುವವರಿರಲಿಲ್ಲ. ಸಹಪೈಲಟ್ಟರಿಗೆ ತಪ್ಪು ಕಂಡರೂ ಬಾಯಿ ಬಿಡಲು ಹಿಂಜರಿಕೆ. ಹೀಗೆ ಕೆಲವು ಅಪಘಾತಗಳು ಆದ ಮೇಲೆ, ಕಾಕ್‌ಪಿಟ್ಟಿನಲ್ಲಿ ಎಲ್ಲರ ತಿಳಿವಳಿಕೆಯನ್ನೂ ಬಳಸಿಕೊಳ್ಳುವ ತರಬೇತಿ 1980ರ ದಶಕದಲ್ಲಿ ಬೆಳೆಯಿತು. ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರ ಅನುಭವ ಸೇರಿಸಿದರೆ 103 ವರ್ಷ ಆಗುತ್ತಿತ್ತು. ಆದರೆ ಇಂಥ ಸ್ಥಿತಿಯಲ್ಲಿ ವಿಮಾನ ಇಳಿಸುವುದನ್ನು ಒಬ್ಬರೂ ಒಂದು ನಿಮಿಷವೂ ಅಭ್ಯಾಸ ಮಾಡಿರಲಿಲ್ಲ ಎಂದು ಹೇನ್ಸ್ ಮುಂದೆ ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಗೊತ್ತಿಲ್ಲದಿರುವಾಗ ಗೊತ್ತಿಲ್ಲವೆಂದು ಒಪ್ಪಿ ಇನ್ನೊಬ್ಬರನ್ನು ಕೇಳುವುದು ಅಧಿಕಾರಕ್ಕೆ ಕುಂದಲ್ಲ. ಅದೂ ಒಂದು ಕೌಶಲ.

ಸೂ ಸಿಟಿಯ ರನ್‌ವೇ

ಹತ್ತಿರದಲ್ಲಿದ್ದುದು ಸೂ ಸಿಟಿ ಎಂಬ ಊರಿನ ವಿಮಾನ ನಿಲ್ದಾಣ. ವಿಮಾನ ಬಲಕ್ಕೇ ಎಳೆಯುತ್ತಿದ್ದುದರಿಂದ ಬಹುಪಾಲು ಬಲಸುತ್ತುಗಳನ್ನೇ ಹಾಕುತ್ತ, ಮಳೆಗಾಲದ ಗಾಳಿಪಟದಂತೆ ಓಲಾಡುತ್ತ ಅದು ಅತ್ತ ಸಾಗಿತು. ಇಂಧನದ ಒಂದು ಭಾಗವನ್ನು ಗಾಳಿಗೆ ಚೆಲ್ಲಿದರು. ಚಕ್ರಗಳನ್ನು ಹೈಡ್ರಾಲಿಕ್ ಇಲ್ಲದೆ, ಕೊಂಡಿ ಬಿಡಿಸಿ ಸ್ವಂತ ಭಾರದಿಂದಲೇ ಇಳಿಯುವಂತೆ ಮಾಡಿದರು. ಫ್ಲಾಪ್ ಇರಲಿಲ್ಲ. ನಿಯಂತ್ರಣ ಗೋಪುರದವರು ಯಾವ ರನ್‌ವೇಯಲ್ಲಾದರೂ ಇಳಿಯಬಹುದೆಂದಾಗ, ರನ್‌ವೇಯೇ ಆಗಬೇಕೆಂಬ ಹಟವೇ ನಿಮ್ಮದು ಎಂದು ಹೇನ್ಸ್ ನಗೆಯಾಡಿದರಂತೆ. ಸಾವಿನ ಅಂಚಿನಲ್ಲೂ ಅವರ ಬುದ್ಧಿ ಸ್ತಿಮಿತದಲ್ಲಿತ್ತು ಎಂಬುದಕ್ಕೆ ಇದು ಸಾಕ್ಷಿ.

ಅವರಿಗೆ ಎದುರಾದದ್ದು 22ನೇ ಸಂಖ್ಯೆಯ ರನ್‌ವೇ. ಅದು ಬಳಕೆಯಲ್ಲಿರಲಿಲ್ಲ, ಉದ್ದ ಸುಮಾರು ಎರಡು ಕಿಲೋಮೀಟರ್. ಅಗ್ನಿಶಾಮಕ ವಾಹನಗಳು ಅದರ ಮೇಲೆಯೇ ನಿಂತಿದ್ದವು. ಅವು ಅವಸರದಿಂದ ಪಕ್ಕಕ್ಕೆ ಸರಿದವು. ಇನ್ನೊಂದು ರನ್‌ವೇಗೆ ತಿರುಗಿಸಲು ಆಗುತ್ತಿರಲಿಲ್ಲ. ಮೇಲೇರಿ ಮತ್ತೊಮ್ಮೆ ಬರುವುದೂ ಕನಸಿನ ಮಾತು.

ಆ ಕ್ಷಣದ ಎರಡು ಅಂಕಿಗಳನ್ನು ನೋಡಿ. ಡಿಸಿ-10 ಮಾಮೂಲಾಗಿ ಸುಮಾರು 140 ನಾಟ್, ಅಂದರೆ ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ರನ್‌ವೇ ಮುಟ್ಟುತ್ತದೆ. ಇದರ ವೇಗ 215 ನಾಟ್, ಸುಮಾರು 400 ಕಿಲೋಮೀಟರ್. ವರ್ಗ ಮಾಡಿ ನೋಡಿದರೆ ಚಲನಶಕ್ತಿ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಮಾಮೂಲು ವಿಮಾನ ನೆಲ ಮುಟ್ಟುವಾಗ ನಿಮಿಷಕ್ಕೆ ಇನ್ನೂರು ಮುನ್ನೂರು ಅಡಿಯಷ್ಟು ಮೆಲ್ಲಗೆ ಇಳಿಯುತ್ತದೆ. ಇದು ಇಳಿಯುತ್ತಿದ್ದುದು ನಿಮಿಷಕ್ಕೆ 1,620 ಅಡಿ. ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು.

ನೆಲ ಇನ್ನೂ ನೂರು ಅಡಿ ಇರುವಾಗ ಫ್ಯೂಗಾಯಿಡ್ ಮತ್ತೊಮ್ಮೆ ಕಾಡಿತು. ಮೂಗು ಬಾಗಿತು, ಬಲರೆಕ್ಕೆ ತಗ್ಗಿತು. ಸಾಮಾನ್ಯವಾಗಿ ಈ ಹಂತದಲ್ಲಿ ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಶಕ್ತಿ ತಗ್ಗಿಸುತ್ತಾರೆ. ಹಾಗೆ ಮಾಡಿದರೆ ಇದ್ದೊಂದು ಹಿಡಿತವೂ ತಪ್ಪುತ್ತದೆ ಎಂದು ಫಿಚ್ ಎಚ್ಚರಿಸಿದರು. ಮಧ್ಯಾಹ್ನ ನಾಲ್ಕು ಗಂಟೆಗೆ ಬಲರೆಕ್ಕೆಯ ತುದಿ ಮೊದಲು ನೆಲಕ್ಕೆ ತಾಗಿತು. ವಿಮಾನ ತುಂಡಾಗಿ, ಬೆಂಕಿ ಹತ್ತಿ, ಮಗುಚಿಕೊಂಡು ರನ್‌ವೇ ಪಕ್ಕದ ಹೊಲದವರೆಗೆ ಉಜ್ಜಿಕೊಂಡು ಹೋಯಿತು.

296 ಜನರಲ್ಲಿ 112 ಮಂದಿ ಸತ್ತರು. 184 ಮಂದಿ ಬದುಕಿದರು. ಕಾಕ್‌ಪಿಟ್ಟಿನ ನಾಲ್ವರೂ ತೀವ್ರ ಗಾಯಗಳೊಂದಿಗೆ ಉಳಿದರು. ಇದನ್ನು ಗೆಲುವು ಎನ್ನಲು ನಾಲಿಗೆ ಏಳುವುದಿಲ್ಲ. ಹೇನ್ಸ್ ಅವರಿಗೂ ಸತ್ತವರ ನೆನಪು ಕೊನೆಯವರೆಗೆ ಬಿಡಲಿಲ್ಲ. ಆದರೆ ಹೋಲಿಸಿ ನೋಡಿ. 1985ರ ಆಗಸ್ಟ್ 12ರಂದು ಜಪಾನಿನಲ್ಲಿ ಬೋಯಿಂಗ್ 747 ವಿಮಾನವೊಂದು ಬಾಲದ ಹಾನಿಯಿಂದ ಹೈಡ್ರಾಲಿಕ್ ವ್ಯವಸ್ಥೆಗಳೆಲ್ಲವನ್ನೂ ಕಳೆದುಕೊಂಡು, ಅರ್ಧ ಗಂಟೆಯ ಹೋರಾಟದ ನಂತರ ಬೆಟ್ಟಕ್ಕೆ ಬಡಿದಾಗ 524 ಜನರಲ್ಲಿ ಉಳಿದವರು ನಾಲ್ವರು. 232ರ ಅಪಘಾತದ ನಂತರ ಅನುಭವಿ ಪೈಲಟ್ಟರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ಅದೇ ಸ್ಥಿತಿ ಒಡ್ಡಿದಾಗ, ವಿಮಾನವನ್ನು ಸುರಕ್ಷಿತವಾಗಿ ಇಳಿಸುವುದು ತರಬೇತಿಯಿಂದ ಬರುವ ವಿದ್ಯೆಯಲ್ಲ ಎಂದು ತನಿಖೆ ಮಾಡಿದವರು ತೀರ್ಮಾನಿಸಿದರು.

ನೆಲದ ಮೇಲಿನ ಸಿದ್ಧತೆಯನ್ನೂ ಮರೆಯುವಂತಿಲ್ಲ. 1987ರಲ್ಲಿ ಆ ಊರಿನವರು ದೊಡ್ಡ ವಿಮಾನವೊಂದು ತಮ್ಮಲ್ಲಿ ಬಿದ್ದಂತೆ ಅಣಕು ಅಭ್ಯಾಸ ನಡೆಸಿದ್ದರು. ಅಂಥ ದೊಡ್ಡ ವಿಮಾನ ಅಲ್ಲಿಗೆ ಬರುತ್ತಲೇ ಇರಲಿಲ್ಲ! ಅಪಘಾತದ ಹೊತ್ತಿಗೆ ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುತ್ತಿದ್ದುದರಿಂದ ಎರಡು ಪಾಳಿಯ ವೈದ್ಯರೂ ದಾದಿಯರೂ ಸಿಕ್ಕರು. ಅದೃಷ್ಟ, ಸಂಪರ್ಕ, ಸಿದ್ಧತೆ, ಕಾರ್ಯಪಾಲನೆ, ಸಹಕಾರ: ಈ ಐದರಿಂದ ಅಷ್ಟು ಜನ ಉಳಿದರು ಎಂಬುದು ಹೇನ್ಸ್ ಅವರ ಮಾತಿನ ಸಾರ.

ಮೂರು ಎಂದರೆ ನಿಜವಾಗಿ ಮೂರೇ?

ಈಗ ಆ ಹಳೆಯ ಮಾತಿಗೆ ಮರಳೋಣ. ಸಂಭವನೀಯತೆಯ ಪಾಠದಲ್ಲಿ ನೀವು ಓದಿದ್ದೀರಿ: ಒಂದು ವ್ಯವಸ್ಥೆ ಕೆಡುವ ಸಾಧ್ಯತೆ ಸಾವಿರದಲ್ಲಿ ಒಂದು ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮೂರೂ ಒಟ್ಟಿಗೆ ಕೆಡುವ ಸಾಧ್ಯತೆ ನೂರು ಕೋಟಿಯಲ್ಲಿ ಒಂದು. ಗುಣಾಕಾರ ಸರಿಯೇ. ಆದರೆ ಆ ಸೂತ್ರಕ್ಕೊಂದು ಷರತ್ತಿದೆ. ಮೂರು ಘಟನೆಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ಒಂದೇ ಏಟಿಗೆ ಮೂರೂ ಸಿಗುವಂತಿದ್ದರೆ ಮೂರು ಎಂಬುದು ಕಾಗದದ ಮೇಲಿನ ಮಾತು. ನಿಜದಲ್ಲಿ ಅದು ಒಂದೇ. ಮನೆಯ ಮೂರು ಬೀಗದ ಕೈಗಳನ್ನು ಒಂದೇ ಗೊಂಚಲಿಗೆ ಪೋಣಿಸಿ ಕಳೆದುಕೊಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಆ ತಟ್ಟೆ ಒಡೆದದ್ದೇಕೆ? ಟೈಟಾನಿಯಂ ತಯಾರಾಗುವಾಗಲೇ ಲೋಹದಲ್ಲಿ ಉಳಿದ ಒಂದು ಸಣ್ಣ ದೋಷದಿಂದ ಬಿರುಕು ಹುಟ್ಟಿ, ಹಾರಾಟದಿಂದ ಹಾರಾಟಕ್ಕೆ ಬೆಳೆದಿತ್ತು. ತಪಾಸಣೆಯಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ. ತಟ್ಟೆಯ ತುಂಡುಗಳು ಕೆಲವು ತಿಂಗಳ ನಂತರ ಅಯೋವಾದ ಜೋಳದ ಹೊಲಗಳಲ್ಲಿ ಸಿಕ್ಕ ಮೇಲೆಯೇ ಈ ಕಥೆ ಪೂರ್ಣವಾದದ್ದು. ಬಳಿಕ ಡಿಸಿ-10 ವಿಮಾನಗಳಿಗೆ, ಬಾಲದಲ್ಲಿ ಕೊಳವೆ ಒಡೆದರೆ ದ್ರವವೆಲ್ಲ ಸೋರಿಹೋಗದಂತೆ ಮುಚ್ಚಿಕೊಳ್ಳುವ ಕವಾಟವನ್ನು ಜೋಡಿಸಲಾಯಿತು. ಅಮೆರಿಕದ ನಾಸಾ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನಾಲ್ವರು ಕಷ್ಟಪಟ್ಟು ಮಾಡಿದ್ದನ್ನು ಕಂಪ್ಯೂಟರಿಗೆ ಕಲಿಸಿ, 1995ರಲ್ಲಿ ಎಂಡಿ-11 ಎಂಬ ದೊಡ್ಡ ವಿಮಾನವನ್ನು ಎಂಜಿನ್ನುಗಳ ಶಕ್ತಿಯಿಂದ ಮಾತ್ರವೇ ನಡೆಸಿ ರನ್‌ವೇಯಲ್ಲಿ ಇಳಿಸಿ ತೋರಿಸಿತು. ನಂತರ ಬಂದ ಏರ್‌ಬಸ್ ಎ380ರಂಥ ವಿಮಾನಗಳಲ್ಲಿ ಹೈಡ್ರಾಲಿಕ್ಕಿನ ಜೊತೆಗೆ ವಿದ್ಯುತ್ತಿನಿಂದ ಚುಕ್ಕಾಣಿ ನಡೆಸುವ ಏರ್ಪಾಡೂ ಇದೆ; ಅಂದರೆ ಆಸರೆಗೆ ಅದೇ ಜಾತಿಯದಲ್ಲ, ಬೇರೆ ಜಾತಿಯದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ಹಗುರ ಯುದ್ಧವಿಮಾನದಲ್ಲೂ ಪೈಲಟ್ಟರ ಅಪ್ಪಣೆಯನ್ನು ಚುಕ್ಕಾಣಿಗೆ ಮುಟ್ಟಿಸಲು ಒಂದಲ್ಲ, ನಾಲ್ಕು ಸಮಾನಾಂತರ ಕಂಪ್ಯೂಟರ್ ದಾರಿಗಳಿವೆ.

ಇನ್ನೆರಡು ಘಟನೆಗಳನ್ನು ಹೇಳಿದರೆ ನಿಮ್ಮ ಮನಸ್ಸು ಹಗುರಾದೀತು. 1977ರ ಏಪ್ರಿಲ್ 12ರ ರಾತ್ರಿ ಅಮೆರಿಕದ ಸ್ಯಾನ್ ಡಿಯಾಗೋದಿಂದ ಹೊರಟ ಡೆಲ್ಟಾ ಸಂಸ್ಥೆಯ ಮೂರು ಎಂಜಿನ್ನಿನ ವಿಮಾನದಲ್ಲಿ ಬಾಲದ ಎಡ ಎಲಿವೇಟರ್ ಪೂರ್ತಿ ಮೇಲ್ಮುಖವಾಗಿ ಸಿಕ್ಕಿಕೊಂಡು, ಮೂಗು ಅಪಾಯಕರವಾಗಿ ಏಳತೊಡಗಿತು. ಕ್ಯಾಪ್ಟನ್ ಜ್ಯಾಕ್ ಮೆಕ್‌ಮಹಾನ್ ರೆಕ್ಕೆಯ ಎಂಜಿನ್ನುಗಳ ಶಕ್ತಿ ತಗ್ಗಿಸಿ, ಎತ್ತರದಲ್ಲಿರುವ ಬಾಲದ ಎಂಜಿನ್ನಿನ ಶಕ್ತಿ ಹೆಚ್ಚಿಸಿ ಮೂಗನ್ನು ಒತ್ತಿಹಿಡಿದು ಲಾಸ್ ಏಂಜಲಿಸಿನಲ್ಲಿ ಎಲ್ಲರನ್ನೂ ಕ್ಷೇಮವಾಗಿ ಇಳಿಸಿದರು. 2003ರ ನವೆಂಬರ್ 22ರಂದು ಇರಾಕಿನ ಬಾಗ್ದಾದಿನಲ್ಲಿ ಸರಕು ಹೊತ್ತ ಏರ್‌ಬಸ್ ಎ300 ವಿಮಾನದ ಎಡರೆಕ್ಕೆಗೆ ಕ್ಷಿಪಣಿ ತಾಗಿ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ರೆಕ್ಕೆ ಉರಿಯುತ್ತಿದ್ದರೂ ಒಳಗಿದ್ದ ಮೂವರು ಎಂಜಿನ್ ಶಕ್ತಿಯಿಂದಲೇ ವಿಮಾನ ನಡೆಸಿ ಅದೇ ನಿಲ್ದಾಣದಲ್ಲಿ ಇಳಿದರು. ಮೂವರೂ ಬದುಕಿದರು.

ಈ ಎಲ್ಲ ಕಥೆಗಳಲ್ಲೂ ಕೆಲಸ ನಡೆದದ್ದು ಒಂದೇ ರೀತಿ. ಏನು ಹೋಯಿತು ಎಂದು ತಿಳಿದುಕೊಂಡರು. ಆದರೆ ಅದಕ್ಕೇ ಅಂಟಿಕೊಂಡು ಕೂರಲಿಲ್ಲ. ಏನು ಉಳಿದಿದೆ ಎಂದು ಹುಡುಕಿದರು. ಉಳಿದದ್ದನ್ನು ಎತ್ತರದಲ್ಲಿರುವಾಗಲೇ ಪರೀಕ್ಷಿಸಿದರು. ಕೆಲಸ ಹಂಚಿಕೊಂಡರು. ನಾನು ಪದವಿ ತರಗತಿಯಲ್ಲಿ ಪ್ಯಾಸ್ಕಲ್, ನ್ಯೂಟನ್ನರ ನಿಯಮಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವನು. ಆ ನಿಯಮಗಳು ಕೈಪಿಡಿಯ ಪುಟ ಮುಗಿದ ಮೇಲೂ ಕೆಲಸಕ್ಕೆ ಬರುತ್ತವೆ ಎಂದು ಮನಸ್ಸಿಗೆ ನಾಟಿದ್ದು ಈ ಕಾರ್ಯಕ್ರಮಕ್ಕೆ ಸಿದ್ಧತೆ ನಡೆಸುವಾಗ. ನಿಮಗೆ ಅದು ಇನ್ನೂ ಮೊದಲೇ ನಾಟಲಿ.

ನೀವೇ ಮಾಡಿ ನೋಡಿ

1. ಸೂಜಿ ತೆಗೆದ ಒಂದು ಚಿಕ್ಕ, ಒಂದು ದೊಡ್ಡ ಸಿರಿಂಜನ್ನು ತೆಳು ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ, ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ. ಚಿಕ್ಕದನ್ನು ಒತ್ತಿದರೆ ದೊಡ್ಡದು ಹೆಚ್ಚು ಭಾರ ಎತ್ತುತ್ತದೆ. ಇಂಥ ಮೂರು ಜೋಡಿ ಮಾಡಿ, ಮೂರೂ ಕೊಳವೆಗಳನ್ನು ಒಂದೇ ದಾರದಿಂದ ಕಟ್ಟಿ. ಈಗ ಒಂದೇ ಕತ್ತರಿಯಿಂದ ಒಮ್ಮೆ ಕತ್ತರಿಸಿ. ಎಷ್ಟು ವ್ಯವಸ್ಥೆಗಳು ಉಳಿದವು? ಕೊಳವೆಗಳನ್ನು ಹೇಗೆ ಹಾಯಿಸಿದ್ದರೆ ಒಂದಾದರೂ ಉಳಿಯುತ್ತಿತ್ತು?

2. ಕಾಗದದ ವಿಮಾನದ ಮೂಗಿಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ ನೆಟ್ಟಗೆ ತೇಲುವಂತೆ ಹದಗೊಳಿಸಿ. ಆಮೇಲೆ ಅದನ್ನೇ ಹೆಚ್ಚು ಜೋರಾಗಿ ಎಸೆಯಿರಿ. ಅದು ಏರಿ, ನಿಧಾನವಾಗಿ, ಇಳಿದು ಮತ್ತೆ ಏರುವುದನ್ನು ಗಮನಿಸಿ. ಇದೇ ಫ್ಯೂಗಾಯಿಡ್.

3. ಯೋಚಿಸಿ: ಇಳಿಯುವ ವೇಗ 140 ನಾಟ್‌ನಿಂದ 170 ನಾಟ್‌ಗೆ ಏರಿದರೆ ಚಲನಶಕ್ತಿ ಶೇಕಡಾ ಎಷ್ಟು ಹೆಚ್ಚುತ್ತದೆ? ನಿಮ್ಮ ಊರಿನ ಆಸ್ಪತ್ರೆ, ವಿದ್ಯುತ್ ಕೇಂದ್ರ ಅಥವಾ ನೀರಿನ ಸರಬರಾಜಿನಲ್ಲಿ ‘ಇನ್ನೊಂದು ಇದೆ’ ಎಂದು ನಂಬಿರುವ ಆಸರೆಗಳು ನಿಜವಾಗಿಯೂ ಬೇರೆ ಬೇರೆಯೇ? ಅಧ್ಯಾಪಕರೊಂದಿಗೆ ಚರ್ಚಿಸಿ.